ಹೆಸರಿನ ಕಾಲಂ ಖಾಲಿ

ಸೊರಬದ ಕಚೇರಿಯಲ್ಲಿ ಜನನಕ್ಕೂ ಮರಣಕ್ಕೂ ಒಂದೇ ಮೇಜು.
ಎಡಕ್ಕೆ ಬಂದವರ ಪುಸ್ತಕ, ಬಲಕ್ಕೆ ಹೋದವರದು,
ನಡುವೆ ನಾನು, ಅಂಟಿನ ಬಾಟಲಿ, ಸೀಲಿನ ಡಬ್ಬಿ.
ಹತ್ತೊಂಬತ್ತು ವರ್ಷವಾಯಿತು.

ಬಲಗಡೆಯವರಲ್ಲಿ ಹೆಸರಿಗೆ ತಕರಾರಿಲ್ಲ.
ಗುತ್ಯಪ್ಪ, ಗುತ್ಯಮ್ಮ:
ಚಂದ್ರಗುತ್ತಿಯ ಗುಡ್ಡ ಹತ್ತಿ ಬೇಡಿ ತಂದ ಕೂಸುಗಳು.
ತಿಪ್ಪಮ್ಮ: ಮೊದಲ ಮೂರು ಉಳಿಯದೆ
ನಾಲ್ಕನೆಯದನ್ನು ತಿಪ್ಪೆಯ ಮೇಲೆ ಉರುಳಿಸಿ
ಕಸವೆಂದು ಕೂಗಿದರೆ ಜವರಾಯ
ಮೂಸಿ ನೋಡದೆ ಹೋದಾನೆಂಬ ಲೆಕ್ಕ.
ಎಂಬತ್ತೆಂಟು ವರ್ಷ ಮೂಸಲಿಲ್ಲ.
ತಾಂಡಾದ ಥಾವರ್ಯಾ ನಾಯ್ಕ ಹುಟ್ಟಿದ್ದು ಶನಿವಾರ,
ಹೆಸರೇ ಹೇಳುತ್ತದೆ.
ಹೋದದ್ದೂ ಶನಿವಾರವೇ ಎಂದ ಮಗ, ಬರೆದುಕೊಳ್ಳಿ ಎಂಬಂತೆ.
ವಾರಕ್ಕೆ ಕಾಲಂ ಇಲ್ಲ ನಮ್ಮಲ್ಲಿ, ತಾರೀಖಿಗೆ ಮಾತ್ರ.

ಎಡಗಡೆಯದೇ ಕಷ್ಟ.
ಪುಷ್ಯ ನಕ್ಷತ್ರ ಮೇಡಂ, ಹೂ ಹೇ ಹೋ ಡಾ.
ಹೂವಮ್ಮ ಅಂತಿಡಿ ಎಂದರೆ ಮುಖ ಸಿಂಡರಿಸುತ್ತಾರೆ.
ಡಾಕ್ಟರ್ ಅಂತಲೇ ಇಟ್ಟುಬಿಡಿ, ಫೀಸು ಉಳೀತದೆ,
ಎನ್ನುತ್ತಾನೆ ಪಕ್ಕದ ಮೇಜಿನ ವಾಸಪ್ಪ.
ಆಮೇಲೆ ಅನ್ವಿತ್, ಧನ್ವಿತ್, ತನ್ವಿತ್,
ಒಂದೇ ಒರಳಿನಿಂದ ಇಳಿದ ಚಕ್ಕುಲಿ.
ಅರ್ಥ ಕೇಳಿದರೆ ಅಪ್ಪ ಮೊಬೈಲು ಉಜ್ಜುತ್ತಾನೆ:
‘ಸೂರ್ಯನ ಮೊದಲ ಕಿರಣ.’
ನನ್ನ ಪುಸ್ತಕದಲ್ಲೇ ಹದಿನೇಳು ಮೊದಲ ಕಿರಣಗಳು;
ಆಷಾಢದಲ್ಲಿ ಒಬ್ಬನಾದರೂ ಹೊರಗೆ ಬರಬಾರದೆ?

ಗುಜರಿ ಅಂಗಡಿಯ ಬುಡನ್ ಸಾಬರು ಮಾತ್ರ
ಮೊಮ್ಮಗಳ ಹೆಸರನ್ನು ಬಾಯಲ್ಲೇ ಬಿಡಿಸಿದರು:
ಮಹಜಬೀನ್, ಹಣೆಯಲ್ಲಿ ಚಂದ್ರ ಇರುವವಳು.
ಶಿವನ ಹೆಸರಾಯಿತಲ್ಲ ಸಾಬರೇ ಎಂದೆ.
‘ಜಿಲ್ಲೆಯೇ ಶಿವನ ಮುಖ ಅಂತೀರಲ್ಲ ಅಕ್ಕಾ,
ಮುಖ ಇದ್ದ ಮೇಲೆ ಹಣೆ ಬೇಡವೆ?’

ನನ್ನದು ಯಾರೂ ಕೇಳುವುದಿಲ್ಲ, ಎಲ್ಲರಿಗೂ ಮೇಡಂ.
ಸಹಿ ಬರೀ ‘ಸಾ’, ಮುಂದೊಂದು ಗೀಟು.
ನಾನು ಐದನೆಯವಳು.
ಅಪ್ಪ ತೊಟ್ಟಿಲಿನ ಕಡೆ ಬರಲಿಲ್ಲವಂತೆ.
ಸೋದರತ್ತೆ ಬಗ್ಗಿ ಕಿವಿಯಲ್ಲಿ ಕುರ್‍ರ್ ಎಂದು
ಸಾಕಮ್ಮ, ಎಂದಳಂತೆ.
ಹೆಂಗಸರು ಅವಳ ಬೆನ್ನಿಗೆ ಗುದ್ದಿದ್ದು
ವಾಡಿಕೆಗಿಂತ ಮೆಲ್ಲಗೆ.
ಸಾಕು ದೇವರೇ, ಹೆಣ್ಣು ಸಾಕು:
ಅರ್ಜಿ ಬರೆದು ನನ್ನ ಮೇಲೆ ಅಂಟಿಸಿದ್ದರು.
ದೇವರು ಓದಲಿಲ್ಲ. ನನ್ನ ಹಿಂದೆ ಗಿರಿಜೆ,
ಅವಳ ಹಿಂದೆ ನಾಗವೇಣಿ.
ಶಾಲೆಯಲ್ಲಿ ಹಾಜರಿ ಕೂಗಿದರೆ
ಹಿಂದಿನ ಬೆಂಚು, ‘ಸಾಕು ಸಾರ್, ಸಾಕು.’

ಮೊನ್ನೆ ಬುತ್ತಿ ಬಿಚ್ಚುವ ಹೊತ್ತಿಗೆ
ಜಡೆಯಿಂದ ಬಂಗಾರಮ್ಮ ಬಂದಳು,
ಸೆರಗಿನೊಳಗೆ ಎರಡು ತಿಂಗಳ ಕೂಸು.
ಎಡಗಡೆ ತೆರೆದೆ. ಹೆಸರಿನ ಕಾಲಂ ಖಾಲಿ.
‘ಇದರ ಅವ್ವ ಆ ಕಡೆ ಪುಸ್ತಕದಾಗೆ ಅದಾಳೆ ನೋಡ್ರಿ,
ಅದೇ ದಿನ.’
ಇದ್ದಳು. ಎರಡೂ ಕಡೆ ನನ್ನದೇ ಅಕ್ಷರ.
‘ನಾನು ಚಿಗವ್ವ. ಮೊಲೆ ಇಲ್ಲ, ಆಡು ಕಟ್ಟೀನಿ.’

ಮರಣದ ಸರ್ಟಿಫಿಕೇಟು ಮಡಚುತ್ತ ಕೇಳಿದಳು,
ನಿಮ್ಮ ಹೆಸರೇನ್ರೀ?
ಹೇಳಿದೆ, ಟಿಫಿನ್ ಡಬ್ಬಿಯ ಮುಚ್ಚಳ ನೋಡುತ್ತ.
‘ಚಲೋ ಹೆಸರು. ಸಾಕೋ ಅವ್ವ,’ ಎಂದಳು,
ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸಿ.

ಐವತ್ತೆರಡು ವರ್ಷ ಆ ಪದದ
ಒಂದೇ ಮಗ್ಗುಲಲ್ಲಿ ಮಲಗಿದ್ದೆ.

ಕೂಸಿಗೇನು ಬರೀಲಿ ಎಂದೆ.
‘ಅವಸರ ಏನೈತಿ? ಮೊದಲು ಮುಖ ಬಲೀಲಿ,
ಹೆಸರು ಅದೇ ಹೇಳ್ತದೆ.’
ಸಂಜೆ ಬಸ್ಸಿಗೆ ಹೊತ್ತಾಯಿತೆಂದು ಹೋದಳು.

ಉಳಿದ ಕಾಗದಗಳಿಗೆ ಅವತ್ತು
ಪೂರ್ತಿ ಸಹಿ ಹಾಕಿದೆ. ಮೂರಕ್ಷರ, ಒಂದು ಒತ್ತು.
ಸೀಲಿನ ಗೆರೆ ದಾಟಿ ಹೋಯಿತು.
ವಾಸಪ್ಪ ಇಣುಕಿ ಕೇಳಿದ,
ಏನ್ ಮೇಡಂ, ಪೆನ್ನು ಹೊಸದಾ?