ನಾಲ್ಕಕ್ಷರದಷ್ಟು ಜಾಗ

ಗ್ರೀಕು ನನ್ನ ಪಾಲಿನ ಕೆಲಸ. ಎಡದಿಂದ ಬಲಕ್ಕೆ,
ಪಪೈರಸ್ಸಿನ ನಾರು ಹರಿದ ಕಡೆಗೇ.
ಆ ಹೆಸರು ಬಂದಲ್ಲಿ ಕೈ ನಿಲ್ಲುತ್ತದೆ:
ಆಚೆಗೊಂದು ಈಚೆಗೊಂದು ಚುಕ್ಕಿ,
ನಡುವೆ ನಾಲ್ಕಕ್ಷರದಷ್ಟು ಜಾಗ ಬಿಟ್ಟು
ಮುಂದಿನ ಪದಕ್ಕೆ ಹೋಗುತ್ತೇನೆ.

ಸಂಜೆ ಸಬ್ಬತಾಯೊಸ್ ಮಾವ ಬರುತ್ತಾನೆ.
ಕೈ ತೊಳೆದು, ಬೇರೆ ಲೇಖನಿ ತೆಗೆದು
ಬಲದಿಂದ ಎಡಕ್ಕೆ ತುಂಬುತ್ತಾನೆ ಹಳೆಯ ಅಕ್ಷರ,
ಉಳುವ ಎತ್ತು ಬದುವಿನಲ್ಲಿ ಹೊರಳಿದಂತೆ.
ನೋಡಬಾರದೆಂದೇನೂ ಇಲ್ಲ.
ನೋಡಿದರೂ ನನಗೆ ಓದಲು ಬಾರದು.

ಪ್ರಾರ್ಥನೆಯ ಮನೆಯಲ್ಲಿ ಆ ಜಾಗಕ್ಕೆ ಬಂದಾಗ
ಎಲ್ಲರೂ ಅನ್ನುವುದು: ಕ್ಯೂರಿಯೊಸ್.
ಒಡೆಯ.

ಆ ಪದ ನನಗೆ ಚೆನ್ನಾಗಿ ಗೊತ್ತು.
ಎಣ್ಣೆ ಸಾಹುಕಾರನಿಗೆ ವಾಯಿದೆ ಕೇಳುವ ಓಲೆ
ಶುರುವಾಗುವುದೇ ಅದರಿಂದ.
ಗಂಡ ಸತ್ತ ವರ್ಷ ಹಿತ್ತಿಲ ಪಾಲು ಮಾರಿದಾಗ
ಪತ್ರದಲ್ಲಿ ಬರೆದರು:
"ಟ್ರುಫೈನಾ, ಅಲೆಕ್ಸಾಂಡ್ರಿಯದ ಯೆಹೂದಿ ಹೆಂಗಸು,
ವಯಸ್ಸು ಸುಮಾರು ಮೂವತ್ತು, ಬಲ ಹುಬ್ಬಿನ ಮೇಲೆ ಕಲೆ,
ಜೊತೆಗೆ ಅವಳ ಒಡೆಯ, ತಮ್ಮ ದೋಸಿಥೆಯೊಸ್."
ನನ್ನ ಒಡೆಯ!
ಅವನ ಮೂಗು ಒರೆಸಿ ಬೆಳೆಸಿದವಳು ನಾನು.
ಅವತ್ತು ಸಹಿಗೆ ಬಂದವನ ಎರಡು ಕಾಲಲ್ಲಿ
ಎರಡು ಜೊತೆಯ ಚಪ್ಪಲಿ.

"ಬೇರೆ ಪದ ಸಿಗಲಿಲ್ಲವೆ ಮಾವ, ನಿಮ್ಮ ಹಿರಿಯರಿಗೆ?"

"ಸಿಕ್ಕವು. ಪೊದೆಯ ಉರಿಯಿಂದ ಬಂದ ಮಾತಿಗೆ
'ಇರುವವನು' ಅಂತ ಬರೆದರು.
ಇಲ್ಲಿನ ತತ್ವಜ್ಞಾನಿಗಳು ತಲೆದೂಗಿದರು.
ಅವರು ತಲೆದೂಗಿದ್ದು ಕಂಡು ನನ್ನಪ್ಪನಿಗೆ ಅಂಜಿಕೆಯಾಯಿತು.
ನಮ್ಮಲ್ಲಿ ಗಾಳಿ ಹೆಣ್ಣು, ತಿಳಿಯಿತೆ?
ನೀರಿನ ಮೇಲೆ ಕಾವು ಕೂತ ಹಕ್ಕಿಯಂಥವಳು.
ಗ್ರೀಕಿಗೆ ಬಂದು ಅವಳೂ ಅಲ್ಲ, ಅವನೂ ಅಲ್ಲ,
'ಅದು' ಆಗಿಬಿಟ್ಟಳು."
ಲೇಖನಿ ಒರೆಸಿಟ್ಟ. ಆಮೇಲೆ ಕೆಮ್ಮು.

ಈ ಚಳಿಗಾಲ ಕೆಮ್ಮು ಬಿಟ್ಟಿಲ್ಲ, ಕೈ ನಡುಗುತ್ತದೆ.
ಒಂದು ಸುರುಳಿ ಜಾಗ ತುಂಬದೆ ಹಾಗೇ ಹೋಯಿತು
ದೋಣಿಯಲ್ಲಿ, ನದಿಯ ಮೇಲ್ಗಡೆ ಯಾವುದೋ ಹಳ್ಳಿಗೆ.
ಓಲೆ ಬಂದಿದೆ:
ಓದುವ ಹುಡುಗ ಚುಕ್ಕಿಯ ಬಳಿ ನಿಂತನಂತೆ.
ನಿಂತೇ ಇದ್ದನಂತೆ.
ಕ್ಯೂರಿಯೊಸ್ ಎನ್ನಲು ಯಾರಿಗೂ ಹೊಳೆಯಲಿಲ್ಲ.
ಹೊರಗೆ ಕತ್ತೆ ಅರಚಿತು, ಯಾರೋ ನಕ್ಕರು,
ಹುಡುಗ ಮುಂದಿನ ಪದಕ್ಕೆ ಹೋದ.
ಹಣ ವಾಪಸು ಕೇಳಿದ್ದಾರೆ, ಅರ್ಧದಷ್ಟು.

ಕೊಡಬೇಕು. ಅದಕ್ಕೂ ತಮ್ಮನ ಸಹಿ ಬೇಕು.
ಇವತ್ತಿನ ಹಾಳೆಯಲ್ಲಿ ಆ ಹೆಸರು ಏಳು ಸಲ.
ಚುಕ್ಕಿ ಇಡುತ್ತಿದ್ದೇನೆ.
ಜಾಗ ಬೇಕಾದ್ದಕ್ಕಿಂತ ಹೆಚ್ಚೇ ಬಿಡುತ್ತಿದ್ದೇನೆಂದು
ಐದನೆಯದರಲ್ಲಿ ಗೊತ್ತಾಯಿತು.