ಮೊನಚು ತಳದ ಮಡಕೆ

ಮೊಮ್ಮಗಳು ಸೊಲ್‌ಹಾ ಗಾಜಿಗೆ ಮೂಗೊತ್ತಿ ಕೇಳಿದಳು:
"ತಳವೇ ಇಲ್ಲವಲ್ಲಜ್ಜಿ, ಇದು ನಿಲ್ಲುತ್ತಿದ್ದುದು ಹೇಗೆ?"
ಆರು ಸಾವಿರ ವರ್ಷದ ಮಡಕೆ. ಆಮ್‌ಸಾದ ದಂಡೆಯಲ್ಲಿ ಸಿಕ್ಕಿದ್ದು.
ಮೈತುಂಬ ಬಾಚಣಿಗೆ ಎಳೆದ ಗೀರು, ಓರೆಮಳೆಯ ಹಾಗೆ,
ಬುಡ ಮಾತ್ರ ಬುಗುರಿಯಂತೆ ಚೂಪು.
ಮ್ಯೂಸಿಯಮ್ಮಿನವರು ಕಬ್ಬಿಣದ ಬಳೆ ತೊಡಿಸಿ ಕೂರಿಸಿದ್ದರು.

ನನಗೆ ಗೊತ್ತಿತ್ತು. ಹೇಳಲಿಲ್ಲ.

ನಾನು ಪಾನ್ ಒಕ್‌ಬುನ್, ದೋಣಿ ಕಟ್ಟುವವನ ಮಗಳು,
ಹಾನ್ ಹೊಳೆಯ ನಡುವೆ ಬಾಮ್‌ಸೊಮ್ ನಡುಗಡ್ಡೆಯವಳು.
ಅಪ್ಪನ ಕೊಡತಿ ಬೆಳಗಿನಿಂದ ಬೈಗಿನವರೆಗೆ.
ಅವನು ಕಟ್ಟಿದ ದೋಣಿಯಲ್ಲೇ ಮಾಪೊ ರೇವಿಗೆ
ಉಪ್ಪು ಬರುತ್ತಿತ್ತು, ಸಿಗಡಿ ಬರುತ್ತಿತ್ತು, ಸುದ್ದಿಯೂ ಬರುತ್ತಿತ್ತು.
ಚಳಿಗಾಲಕ್ಕೆ ಹೊಳೆ ಕಲ್ಲಾಗುತ್ತಿತ್ತು; ಗರಗಸ ಹಿಡಿದು
ನೀರನ್ನು ಹಲಗೆ ಹಲಗೆಯಾಗಿ ಕೊಯ್ಯುತ್ತಿದ್ದರು.

ನನಗೆ ಹದಿನಾರು ತುಂಬಿದ ಫೆಬ್ರವರಿ
ನಗರಕ್ಕೆ ಕಲ್ಲು ಬೇಕಾಯಿತು.
ಆಚೆಯ ಮರಳುದಿಬ್ಬ ಯೊಯಿದೊಗೆ ಒಡ್ಡು ಕಟ್ಟಲು
ನಮ್ಮ ಊರನ್ನೇ ಸಿಡಿಸುತ್ತಾರಂತೆ.
ಎದುರು ಗುಡ್ಡದಲ್ಲಿ ನಿಂತು ನೋಡಿದೆವು.
ಸದ್ದಿಗಿಂತ ಮೊದಲು ಹೊಗೆ ಬಂತು.
ಅಪ್ಪ ಟೋಪಿ ತೆಗೆದ.
ಅಮ್ಮ ಕಣ್ಣು ಕಿರಿದಾಗಿಸಿ ಹುಡುಕುತ್ತಿದ್ದಳು,
ಹಾರಿದ ಕಲ್ಲುಗಳಲ್ಲಿ ತನ್ನ ಒಗೆಯುವ ಬಂಡೆ ಯಾವುದೆಂದು.

ಆಮೇಲೆ ಬೆಳೆಯಿತು ನೋಡಿ ಸಿಯೋಲ್,
ಕುಕ್ಕರಿನ ಮುಚ್ಚಳ ತಳ್ಳಿ ಉಕ್ಕುವ ಗಂಜಿಯ ಹಾಗೆ.
ರೇಷ್ಮೆಹುಳು ಮಲಗುತ್ತಿದ್ದ ಹಿಪ್ಪುನೇರಳೆ ತೋಟದಲ್ಲಿ
ಇಪ್ಪತ್ತು ಮಹಡಿಯ ಮನೆಗಳು, ಬೆನ್ನಿಗೆ ನಂಬರು ಬರೆಸಿಕೊಂಡು.
ಸೇತುವೆಗಳನ್ನು ಎಣಿಸುತ್ತಿದ್ದೆ. ಹದಿನೆಂಟಾದ ಮೇಲೆ ಬಿಟ್ಟೆ.
ಇಪ್ಪತ್ತೆರಡು ವರ್ಷ ಯೊಯಿದೊದ ಮೂವತ್ತೊಂದನೆಯ ಮಹಡಿ ಒರೆಸಿದೆ.
ಕೆಳಗೆಲ್ಲೋ ಒಡ್ಡಿನ ಹೊಟ್ಟೆಯಲ್ಲಿ
ಅಮ್ಮನ ಬಂಡೆ.
ಸುಳ್ಳು ಹೇಳಲಾರೆ:
ನಲ್ಲಿ ತಿರುವಿದರೆ ಬಿಸಿನೀರು ಬರುವ ಮನೆ
ನನಗೆ ಇಷ್ಟ.

ಹೊಳೆಗೆ ಮಾತ್ರ ನಕ್ಷೆ ಓದಲು ಬರುವುದಿಲ್ಲ.
ಒಡೆದ ಜಾಗಕ್ಕೇ ಹಿಡಿ ಹಿಡಿ ಹೂಳು ತಂದು ಸುರಿಯಿತು,
ಯಾರೋ ಹೇಳಿಟ್ಟ ಕೆಲಸವೆಂಬಂತೆ.
ಈಗ ನಡುಗಡ್ಡೆ ಮೊದಲಿಗಿಂತ ದೊಡ್ಡದು.
ನೀರುಕಾಗೆಗಳದೇ ಆಡಳಿತ, ಅವುಗಳದೇ ನಾತ.
ವರ್ಷಕ್ಕೊಮ್ಮೆ ನಮ್ಮನ್ನು ಬಾರ್ಜಿನಲ್ಲಿ ಕರೆದೊಯ್ಯುತ್ತಾರೆ,
ಹಿರಿಯರಿಗೆ ಎಡೆ ಇಡಲು.

ಈ ಸಲ ಸೊಲ್‌ಹಾ ಜೊತೆಗೆ ಬಂದಳು.
ಕೈಯಲ್ಲಿ ಅಕ್ಕಿಹೆಂಡ ತುಂಬಿದ ಕಾಗದದ ಲೋಟ,
ನೀರಿನ ಯಂತ್ರದ ಪಕ್ಕ ಇಡುತ್ತಾರಲ್ಲ, ಪೊಟ್ಟಣದಂಥದು.
ಅಡ್ಡಬೀಳಲು ಎರಡೂ ಕೈ ಬೇಕು.
ಅತ್ತ ನೋಡಿದಳು, ಇತ್ತ ನೋಡಿದಳು,
ಲೋಟದ ಮೂತಿಯನ್ನು ಮರಳಿಗೆ ತಿರುವಿ ಊರಿದಳು.
ನಿಂತಿತು.
ಹಣೆ ಮರಳಾಗಿ ಎದ್ದವಳು ಅದನ್ನೇ ನೋಡಿದಳು, ನನ್ನನ್ನು ನೋಡಿದಳು.
ನಾನು ಆಗಲೂ ಏನೂ ಹೇಳಲಿಲ್ಲ.

ನಾಲ್ಕಕ್ಕೆ ಬಾರ್ಜು ಕೂಗಿತು.
ಆಚೆ ದಡದ ಗೋಪುರಗಳ ನೆರಳು ನೀರು ದಾಟಿ
ನಮ್ಮ ಮನೆಯ ಬಾಗಿಲಿದ್ದ ಕಡೆ
ಚಪ್ಪಲಿ ಬಿಡದೆ ಒಳಗೆ ಬಂದಿತ್ತು.