ಬಾಲದ ಮೂಳೆ

ಕಲಾಸಿಪಾಳ್ಯದ ತಿರುವಿನಲ್ಲಿ ಚರಂಡಿಯ ಚಪ್ಪಡಿ ತೆಗೆದು ವಾರವಾಗಿತ್ತು.
ದಾಟಿದರಾಯಿತು ಅಂತ ನೆಗೆದೆ.
ನೆಗೆದದ್ದು ಸರಿಯಾಗಿಯೇ ಇತ್ತು.
ಇಳಿದದ್ದು ಮಾತ್ರ ಕೂತುಕೊಂಡು.

ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಎಕ್ಸರೇ ಹಾಳೆ ಬೆಳಕಿಗೆ ಹಿಡಿದು
ಡಾಕ್ಟರಮ್ಮ ಅಂದರು: ‘ಬಾಲದ ಮೂಳೆ, ಪಿಳ್ಳಪ್ಪನವರೇ. ಸಣ್ಣ ಬಿರುಕು.’
ಐವತ್ತೆಂಟು ವರ್ಷ ನನಗೊಂದು ಬಾಲ ಇತ್ತು,
ಬಿರುಕು ಬಿಟ್ಟ ಮೇಲೆ ಗೊತ್ತಾಯಿತು.

ಈಗ ಕಾಲೇಜಿನ ಮ್ಯೂಸಿಯಂ ಬಾಗಿಲಲ್ಲಿ
ಗಾಳಿ ತುಂಬಿದ ರಬ್ಬರ್ ಸಿಂಬಿಯ ಮೇಲೆ ನಾನು,
ಬಿಂದಿಗೆ ಇಟ್ಟ ಹಾಗೆ.
ಎದುರಿಗೆ ಗಾಜಿನ ಪೆಟ್ಟಿಗೆಯಲ್ಲಿ ಅವನು:
ಮಡಗಾಸ್ಕರದ ಕಲ್ಲಿನ ಪ್ಲಾಸ್ಟರ್ ನಕಲು, ಅಂಗೈಯುದ್ದ,
ವಯಸ್ಸು ಇಪ್ಪತ್ತೈದು ಕೋಟಿ.
ತಲೆ ನೋಡಿದರೆ ಕಪ್ಪೆ.
ಬೆನ್ನು ನೋಡಿದರೆ ಅನುಮಾನ, ಹದಿನಾಲ್ಕು ಮಣಿಯ ಸರ,
ಕೊನೆಗೊಂದು ಮೋಟು ಬಾಲ.
ಕುಪ್ಪಳಿಸಲು ಬಾರದ ಕಪ್ಪೆ!

ಬಾಲ ಉದುರಿಹೋಗಲಿಲ್ಲ ಎನ್ನುತ್ತಾರೆ ಫಿಲೋಮಿನಾ ಮೇಡಂ,
ಮಣಿಗೆ ಮಣಿ ಬೆಸೆದು, ಕಡ್ಡಿಯಾಗಿ, ಒಳಗೆ ಸರಿಯಿತು.
ಸೊಂಟದ ಮೂಳೆ ಉದ್ದವಾಯಿತು,
ಮೊಳಕಾಲಿನ ಕೆಳಗೆ ಎರಡಿದ್ದದ್ದು ಒಂದಾಯಿತು.
ಒಂದು ನೆಗೆತಕ್ಕೆ ಆರು ಕೋಟಿ ವರ್ಷದ ತಯಾರಿ.
ಅದೂ ಅರ್ಧ ಪಾಠ. ನ್ಯೂಜಿಲೆಂಡಿನಲ್ಲಿ ಹಳೇ ಕುಲದವು ಕೆಲವು
ಇವತ್ತಿಗೂ ಹೊಟ್ಟೆಯಡಿಯಾಗಿ ಬೀಳುತ್ತವಂತೆ, ದೊಪ್ಪೆಂದು.
ಮೊದಲು ಬಂದದ್ದು ನೆಗೆತ,
ಇಳಿಯುವುದು ಆಮೇಲೆ ಇರಬೇಕು ಅಂತ ಮೇಡಂ.
ಹುಡುಗರು ಬರೆದುಕೊಂಡರು. ನಾನು ಸಿಂಬಿ ಸರಿಪಡಿಸಿಕೊಂಡೆ.

ನಮ್ಮೂರ ಕಲ್ಲನ್ನು ಕೇಳಿ ಪ್ರಯೋಜನವಿಲ್ಲ.
ಲಾಲ್‌ಬಾಗಿನ ಬಂಡೆ ಮುನ್ನೂರು ಕೋಟಿಯದು,
ಅದು ಗಟ್ಟಿಯಾಗುವಾಗ ಲೋಕದಲ್ಲಿ ಮೂಳೆ ಎಂಬ ಪದಾರ್ಥವೇ ಇರಲಿಲ್ಲ.
ಒಡೆದರೂ ಅದರೊಳಗೆ ಯಾರೂ ಸಿಗುವುದಿಲ್ಲ.

ನಮ್ಮ ಕಪ್ಪೆಗಳು ಬರುತ್ತಿದ್ದದ್ದು ಗೋಣಿಚೀಲದಲ್ಲಿ,
ಬೆಳ್ಳಂದೂರು ಕೆರೆಯಿಂದ, ಮುನಿವೀರನ ಸೈಕಲ್ಲಿನ ಹಿಂದೆ,
ಒದ್ದೆ ಗೋಣಿ ತಾನೇ ಉಸಿರಾಡಿದಂತೆ.
ಎಣಿಸಿ ಸಹಿ ಹಾಕಬೇಕು. ತಕ್ಕಡಿಗೆ ಹಾಕಿದ ಕಪ್ಪೆಗಳು ಎಂದಾದರೂ ನಿಂತಾವೇ?
ನೂರಕ್ಕೆ ಸಹಿ, ತೊಂಬತ್ತೇಳು ಕಪ್ಪೆ.
ಮೇಣದ ತಟ್ಟೆಯಲ್ಲಿ ಮಲಗಿಸಿ ಕೈಕಾಲಿಗೆ ಗುಂಡುಸೂಜಿ ಚುಚ್ಚಿ
ಮೇಜು ಮೇಜಿಗೆ ಕೊಟ್ಟವನು ನಾನೇ,
ಸರ್ಕಾರ ಬೇಡ ಅನ್ನುವ ತನಕ, ಇಪ್ಪತ್ತು ವರ್ಷ.

ಒಮ್ಮೆ ಒಂದು ತಪ್ಪಿಸಿಕೊಂಡಿತು.
ಹುಡುಗಿಯರೆಲ್ಲ ಸ್ಟೂಲಿನ ಮೇಲೆ.
ಮೇಜಿನಿಂದ ಕಿಟಕಿಯ ತನಕ ಒಂದೇ ಕಮಾನು,
ನಡುಗಾಳಿಯಲ್ಲಿ ಕಾಲು ಮಡಚಿ, ಮುಂಗೈ ಮುಂದೆ ಚಾಚಿ,
ನೆಲಕ್ಕೆ ಮುಂಗೈ ಮೊದಲು, ಆಮೇಲೆ ಎದೆ, ಆಮೇಲೆ ಉಳಿದದ್ದು,
ಸದ್ದೇ ಇಲ್ಲ.
ಎಷ್ಟು ಕೋಟಿ ವರ್ಷ ಬಿದ್ದು ಬಿದ್ದು ಕಲಿತದ್ದೋ.
ಆ ಹೊತ್ತಿನಲ್ಲಿ ನಾನು ನೋಡಲೂ ಇಲ್ಲ.
ಅದರ ಮೇಲೆ ಬಕೆಟ್ ಕವುಚಿದೆ.

ಐದೂವರೆ. ಗಾಜು ಒರೆಸಿ ಬೀಗ ಹಾಕಬೇಕು.
ಆ ಚಪ್ಪಡಿ ಇನ್ನೂ ಬಂದಿಲ್ಲ.
ಸುತ್ತು ಬಳಸಿ ಹೋಗುತ್ತೇನೆ ಬಸ್‌ಸ್ಟಾಪಿಗೆ,
ಪೆಟ್ಟಿಗೆಯಲ್ಲಿರುವವನ ಹಾಗೆ,
ಎರಡು ಕಾಲು, ಒಂದು ಛತ್ರಿ, ಯಾವುದನ್ನೂ ನೆಲದಿಂದ
ಹೆಚ್ಚು ಎತ್ತದೆ.